ಪಾಳಿ ಬದಲಾಗುವ ಹೊತ್ತು

6 ಏಪ್ರಿಲ್ 2025, ಭಾನುವಾರ, ಹುಬ್ಬಳ್ಳಿ

ಆರಾಧನೆ ಮುಗಿಸಿ ಮೂರ್ನಾಲ್ಕು ಜನ ನೇರ ನಮ್ಮ ಮನೆಗೆ ಬಂದರು. ನನ್ನ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಹೊರಡುವಾಗ ಒಬ್ಬರು ನನ್ನ ಹೆಗಲು ತಟ್ಟಿ, "ದೇವರು ಹೊರಲಾರದಷ್ಟು ಭಾರ ಯಾರಿಗೂ ಕೊಡೂದಿಲ್ಲರೀ" ಅಂದರು. ಪ್ರೀತಿಯಿಂದಲೇ ಅಂದ ಮಾತು. ಆದರೂ ರಾತ್ರಿ ಇವಳು ಮಲಗಿದ ಮೇಲೆ ಸತ್ಯವೇದ ತೆಗೆದು ಕೂತೆ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ಇರುವುದು ಶೋಧನೆಯ ವಿಚಾರ. ಶೋಧನೆ ಬಂದಾಗ ಪಾರಾಗುವ ದಾರಿಯನ್ನೂ ದೇವರು ಇಟ್ಟಿರುತ್ತಾನೆ ಎಂಬ ಭರವಸೆ ಅದು. ಕಾಯಿಲೆ, ಆರೈಕೆ, ನಿದ್ದೆಗೆಟ್ಟ ರಾತ್ರಿಗಳನ್ನು ಅಳತೆ ಮಾಡಿ ಕೊಡುತ್ತಾನೆ ಅಂತ ಅಲ್ಲಿಲ್ಲ. ಅದೇ ಪೌಲ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲಿ, ಆಸ್ಯಸೀಮೆಯಲ್ಲಿದ್ದಾಗ ತನ್ನ ಮೇಲೆ ಶಕ್ತಿ ಮೀರಿದ ಭಾರ ಬಿದ್ದಿತ್ತು, ಬದುಕುವ ಆಸೆಯೇ ಬತ್ತಿತ್ತು ಎಂದು ಮುಚ್ಚುಮರೆ ಇಲ್ಲದೆ ಬರೆದುಕೊಂಡಿದ್ದಾನೆ. ಅಪೊಸ್ತಲನೇ ಹಾಗೆ ಬರೆಯಬಹುದಾದರೆ, ಹೊರಲಾರೆ ಅಂತ ನಾನು ಹೇಳಿದರೆ ಅದು ಅವಿಶ್ವಾಸ ಆಗುವುದಿಲ್ಲ. ಇಷ್ಟು ಓದಿ ಎದೆ ಹಗುರಾಯಿತು.

8 ಏಪ್ರಿಲ್, ಮಂಗಳವಾರ

ಬೆಳಗಿನ ಆರರ ಗುಳಿಗೆ ಹಿಡಿಯುವುದು ತಡವಾಯಿತು. ಬಚ್ಚಲ ಹೊಸ್ತಿಲ ಮುಂದೆ ಇವಳ ಕಾಲು ನೆಲಕ್ಕೆ ಕಚ್ಚಿಕೊಂಡವು. ಪಾರ್ಕಿನ್ಸನ್ ಇದ್ದವರ ಮನೆಯಲ್ಲಿ ಇದು ದಿನದ ಮಾತು. ಬಯಲಲ್ಲಿ ನಡೆಯುವ ಕಾಲು ಬಾಗಿಲ ಸಂದಿಯಲ್ಲಿ, ತಿರುವಿನಲ್ಲಿ ನಿಂತುಬಿಡುತ್ತದೆ. ಎಳೆದರೆ ಮುಂದಕ್ಕೆ ಮುಗ್ಗರಿಸುತ್ತಾರೆ. ನಡುಮನೆಯಿಂದ ಬಚ್ಚಲವರೆಗೆ ನೆಲಕ್ಕೆ ಅಡ್ಡಡ್ಡ ಹಳದಿ ಟೇಪು ಅಂಟಿಸಿದ್ದೇನೆ. ಗೆರೆ ಕಂಡರೆ ಅದನ್ನು ದಾಟಲು ಕಾಲು ಏಳುತ್ತದೆ. ಗೆರೆಗೂ ಬಗ್ಗದಿದ್ದರೆ ಹಾಡು. ನಾನು ಎದುರು ನಿಂತು ಎರಡೂ ಹೆಗಲು ಹಿಡಿದು, ಸಂಡೇ ಸ್ಕೂಲಿನ ಯಾವುದಾದರೂ ಹಾಡಿನ ತಾಳ ಹಿಡಿಯುತ್ತೇನೆ. ಇವಳು ಮೊದಲು ನಿಂತಲ್ಲೇ ತೂಗುತ್ತಾಳೆ, ಆಮೇಲೆ ತಾಳದ ಪೆಟ್ಟಿಗೆ ಸರಿಯಾಗಿ ಎಡಗಾಲು ಎತ್ತಿಡುತ್ತಾಳೆ. ತಾಳ ನಡಿಗೆಗೆ ಆಸರೆಯಾಗುತ್ತದೆ ಅಂತ ಫಿಜಿಯೋಥೆರಪಿಯವರೇ ಹೇಳಿಕೊಟ್ಟದ್ದು. ಹಾಡು ಯಾವುದು ಅನ್ನೋದು ಮಾತ್ರ ನಮ್ಮಿಬ್ಬರ ಆಯ್ಕೆ.

ಇವತ್ತು ಹಾಡಲು ನನ್ನ ಗಂಟಲೇ ಏಳಲಿಲ್ಲ. ರಾತ್ರಿ ಮಗ್ಗಲು ಬದಲಿಸಲು ಎದ್ದು ಎದ್ದು ಸೊಂಟ ಹಿಡಿದಿತ್ತು. ಗೋಡೆಗೆ ಒರಗಿ ನಿಂತೆ. ಇವಳು ಏನೋ ಅಂದಳು. ದನಿ ಈಗ ಎಷ್ಟು ತಗ್ಗಿದೆಯೆಂದರೆ ಕಿವಿ ಬಾಯಿಯ ಹತ್ತಿರ ಒಯ್ಯಬೇಕು. "ರೀ, ಮೂರೂ ಪಾಳಿ ಒಬ್ಬರ ಕಡೀಂದ ಆಗೂದಿಲ್ಲ. ಹ್ಯಾಂಡ್‌ಓವರ್ ಕೊಡ್ರಿ."

ಇವಳು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಪಾಳಿ ಮುಗಿದರೆ ಕೆಲಸ ಮುಂದಿನವರ ಕೈಗೆ ಒಪ್ಪಿಸಿ ಹೊರಬೀಳುವುದು ನಮ್ಮಿಬ್ಬರ ಜೀವನದ ನಡೆ.

11 ಏಪ್ರಿಲ್, ಶುಕ್ರವಾರ

ಇಂದು ವಿಶ್ವ ಪಾರ್ಕಿನ್ಸನ್ ದಿನ. ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ ದಿನವಂತೆ. ಬೆಂಗಳೂರಿಂದ ಮಗಳು ಫೋನ್ ಮಾಡಿ, ಲಂಡನ್ನಿನ ಆ ವೈದ್ಯ 1817ರಲ್ಲಿ ನಡುಗುವ ವಾತದ ಬಗ್ಗೆ ಬರೆದ ಪುಟ್ಟ ಪುಸ್ತಕದ ವಿಷಯ ಹೇಳಿದಳು. ಅದರಲ್ಲಿರುವುದು ಆರೇ ಜನ ರೋಗಿಗಳು. ಕೆಲವರನ್ನು ಆತ ಬೀದಿಯಲ್ಲಿ ನೋಡಿದ್ದಷ್ಟೇ.

ಒಂದು ವಿವರಣೆಯನ್ನು ಅವಳಿಂದ ಎರಡು ಸಲ ಹೇಳಿಸಿಕೊಂಡೆ. ಒಬ್ಬ ರೋಗಿ ನಡೆಯಬೇಕಾದರೆ ಅವನ ಆರೈಕೆಯವನು ಎದುರು ನಿಂತು ಎರಡೂ ಹೆಗಲ ಮೇಲೆ ಕೈಯಿಡುತ್ತಿದ್ದ. ರೋಗಿ ಹಿಂದೆ ಮುಂದೆ ಮೆಲ್ಲಗೆ ತೂಗಿ, ಹದ ಸಿಕ್ಕ ಕೂಡಲೇ ಮಾತು ಕೊಟ್ಟು ಓಡಿದಂತೆ ಹೊರಡುತ್ತಿದ್ದ. ಆರೈಕೆಯವನು ಸರ್ರನೆ ಬದಿಗೆ ಸರಿದು, ತಾನೂ ಮುಂದೆ ಓಡಿ, ಅವನು ಬೀಳುವ ಮೊದಲು ಹಿಡಿದುಕೊಳ್ಳುತ್ತಿದ್ದ. ರೋಗಕ್ಕೆ ವೈದ್ಯರ ಹೆಸರು ಬಂತು. ಆ ಓಡಿದವನು ನಮ್ಮಂಥವರಲ್ಲಿ ಒಬ್ಬ. ಇನ್ನೂರು ವರ್ಷ ಕಳೆದು, ಗುಳಿಗೆಗಳು ಬಂದ ಮೇಲೂ, ನಮ್ಮ ಬಚ್ಚಲ ಬಾಗಿಲಲ್ಲಿ ನಾನು ನಿಲ್ಲುವುದು ಅವನು ನಿಂತ ಹಾಗೇ. ಅವನಿಗಾಗಿ ಇವತ್ತು ದೇವರಿಗೆ ಸ್ತೋತ್ರ ಹೇಳಿದೆ.

ಮಗಳು ಟೆಲಿ ಮಾನಸ್ ನಂಬರನ್ನೂ ಬರೆಸಿದಳು: 14416. 2022ರಲ್ಲಿ ಸರ್ಕಾರ ಶುರುಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. "ಅಮ್ಮನಿಗಲ್ಲ ಅಪ್ಪಾಜಿ, ನಿಮಗೆ" ಅಂದಳು. ಪ್ರಾರ್ಥನೆ ಇರುವಾಗ ಇದೆಲ್ಲ ಏಕೆ ಅನ್ನುವವರು ನಮ್ಮ ಸಭೆಯಲ್ಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬದುಕು ಸಾಕು ಅಂತ ಜಾಲಿಗಿಡದ ಕೆಳಗೆ ಬಿದ್ದುಕೊಂಡ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಸುಟ್ಟ ರೊಟ್ಟಿ ಮತ್ತು ನೀರು. ತಿಂದು ಮತ್ತೆ ಮಲಗಿದವನನ್ನು ಗದರಿಸಲೂ ಇಲ್ಲ. ಇನ್ನೊಮ್ಮೆ ಎಬ್ಬಿಸಿ ಮತ್ತೆ ಉಣ್ಣಿಸಿದ.

13 ಏಪ್ರಿಲ್, ಗರಿಗಳ ಭಾನುವಾರ

ಸ್ತ್ರೀಯರ ಕೂಟದ ಇಬ್ಬರು ಗರಿ ತಂದುಕೊಟ್ಟರು. ಒಬ್ಬರು ಇವಳ ಜೊತೆ ಕೆಲಸ ಮಾಡಿದ ಸಿಸ್ಟರ್. "ಗುರುವಾರ ಸಂಜಿ ನಾವು ಇಲ್ಲೇ ಕೂಡ್ತೀವಿ. ನೀವು ಕರ್ತನ ಭೋಜನಕ್ಕ ಹೋಗಿಬರ್ರಿ ಅಣ್ಣಾರ" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಹಾಸಿಗೆಯಿಂದ ಇವಳ ಕೈ ಮೇಲೆದ್ದಿತ್ತು. ಹೂಂ ಅಂದಂತೆ.

16 ಏಪ್ರಿಲ್, ಬುಧವಾರ

ಹ್ಯಾಂಡ್‌ಓವರ್ ಚೀಟಿ ಬರೆದೆ. ಇವಳು ಹೇಳಿದಳು, ನಾನು ಬರೆದುಕೊಂಡೆ.

ಆರರ ಗುಳಿಗೆ ಆರಕ್ಕೇ ಆಗಬೇಕು, ಊಟಕ್ಕೆ ಅರ್ಧ ತಾಸು ಮುಂಚೆ. ಗುಳಿಗೆಯ ಹೊತ್ತಿಗೆ ಹಾಲು, ಮೊಟ್ಟೆ, ಮಾಂಸ ಕೊಡಬಾರದು. ಅವುಗಳ ಪ್ರೋಟೀನು ಗುಳಿಗೆಯಲ್ಲಿರುವ ಲೆವೊಡೋಪಾವನ್ನು ಮೈಗೆ ಹತ್ತಗೊಡುವುದಿಲ್ಲ. ನೀರು ಗುಟುಕು ಗುಟುಕಾಗಿ, ಗದ್ದ ತುಸು ತಗ್ಗಿಸಿ. ಕಾಲು ಕಚ್ಚಿಕೊಂಡರೆ ಎಳೆಯಬೇಡಿ, ಹಾಡು ತೆಗೆಯಿರಿ. ಮುಖದಲ್ಲಿ ನಗು ಕಾಣದಿದ್ದರೆ ಬೇಸರ ಅಂತ ತಿಳಿಯಬೇಡಿ. ಮುಖದ ಸ್ನಾಯು ಬಿಗಿದಿದೆ, ಒಳಗೆ ಆಕೆ ನಗುತ್ತಿರುತ್ತಾಳೆ. ಕೇಳಿದ್ದಕ್ಕೆ ಉತ್ತರ ಬರುವವರೆಗೆ ಕಾಯಿರಿ.

ಕೊನೆಯ ಎರಡು ಮಾತು ಇವಳು ಹೇಳಿದ್ದಲ್ಲ, ನಾನೇ ಸೇರಿಸಿದ್ದು. ಓದಿ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದು "ಖರೇ" ಅಂದಳು.

17 ಏಪ್ರಿಲ್, ಪವಿತ್ರ ಗುರುವಾರ, ರಾತ್ರಿ

ಹೋಗಿಬಂದೆ. ಯಾರಾದರೂ ಕರೆಯಬಹುದು ಅನ್ನುವ ಎಚ್ಚರವಿಲ್ಲದೆ ಕೂತು ಎಷ್ಟು ಕಾಲವಾಗಿತ್ತು! ಮೊದಲ ಗೀತೆ ಹಾಡುವಾಗ ಕಣ್ಣು ತುಂಬಿ ಬಂತು.

ಸಭಾಪಾಲಕರು ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದಿದರು. ಯೇಸು ಸೊಂಟಕ್ಕೆ ಕೈಪಾವುಡ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದು. ಆರೈಕೆ ಮಾಡುವವರಿಗೆ ಇದೇ ಮಾದರಿ ಅಂತ ಪ್ರಸಂಗ. ಸರಿಯೇ. ನನ್ನ ಮನಸ್ಸು ಮಾತ್ರ ಹಿಂದಿನ ಅಧ್ಯಾಯಕ್ಕೆ ಹೋಗಿ ನಿಂತಿತು. ಪಸ್ಕಕ್ಕೆ ಆರು ದಿನ ಮುಂಚೆ ಬೇಥಾನ್ಯದಲ್ಲಿ ಮರಿಯಳು ಬೆಲೆಬಾಳುವ ಜಟಾಮಾಂಸಿ ತೈಲವನ್ನು ಯೇಸುವಿನ ಪಾದಕ್ಕೆ ಹಚ್ಚಿ ತನ್ನ ಕೂದಲಿನಿಂದ ಒರಸಿದಳು. ದುಂದು ಅಂತ ಯೂದನು ಗೊಣಗಿದ. ಯೇಸು ಅವಳನ್ನು ತಡೆಯಬೇಡ ಅಂದನು, ಪಾದ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಶಿಷ್ಯರ ಕಾಲು ತೊಳೆದ ಕರ್ತನು ಅದೇ ವಾರದಲ್ಲಿ ತನ್ನ ಕಾಲನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದನು. ಗಲಿಲಾಯದ ಹೆಂಗಸರು ಕೈಯಿಂದ ಖರ್ಚು ಹಾಕಿ ಅವನನ್ನು ಉಪಚರಿಸಿದ್ದನ್ನು ಲೂಕನು ಬರೆದಿದ್ದಾನೆ. ಬಿರುಗಾಳಿಯಲ್ಲೂ ದೋಣಿಯ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ನಿದ್ದೆ ಮಾಡಿದವನು ಅವನು.

ಆರೈಕೆಯಲ್ಲಿ ಸೋತವರಿಗೆ ನಮ್ಮ ಪ್ರಸಂಗಗಳು ಬರೀ ಕೈಪಾವುಡವನ್ನೇ ತೋರಿಸುತ್ತವೆ. ತೈಲವನ್ನೂ ತೋರಿಸಬೇಕು. ಇದನ್ನು ಸಭಾಪಾಲಕರಿಗೆ ಬಾಗಿಲಲ್ಲೇ ಹೇಳಿದೆ. ಚಿಕ್ಕ ವಯಸ್ಸಿನವರು, ಕೇಳಿಸಿಕೊಂಡರು.

18 ಏಪ್ರಿಲ್, ಶುಭ ಶುಕ್ರವಾರ

ಇಂದು ಮನೆಯಲ್ಲೇ ಇದ್ದೆವು. ಮಧ್ಯಾಹ್ನ ಶಿಲುಬೆಯ ಏಳು ಮಾತುಗಳನ್ನು ನಾನೇ ಇವಳಿಗೆ ಓದಿದೆ. ಮೂರನೆಯದಕ್ಕೆ ಇವಳು ಬೆರಳೆತ್ತಿ ನಿಲ್ಲಿಸಿದಳು. ಪ್ರಾಣ ಹೋಗುವ ಹೊತ್ತಿನಲ್ಲಿ ಯೇಸು ತನ್ನ ತಾಯಿಯನ್ನು ತಾನು ಪ್ರೀತಿಸಿದ ಶಿಷ್ಯನಿಗೆ ಒಪ್ಪಿಸಿದ್ದು ಅಲ್ಲಿದೆ. ಆ ಗಳಿಗೆಯಿಂದ ಶಿಷ್ಯನು ಆಕೆಯನ್ನು ತನ್ನ ಮನೆಗೆ ಕರೆದುಕೊಂಡ.

"ಹ್ಯಾಂಡ್‌ಓವರ್" ಅಂದಳು.

ಮೂವತ್ತು ವರ್ಷ ಈ ಮಾತುಗಳನ್ನು ಕೇಳಿದ್ದೇನೆ. ಇಷ್ಟು ಹತ್ತಿರದಿಂದ ಯಾವ ಪ್ರಸಂಗವೂ ಮುಟ್ಟಿರಲಿಲ್ಲ.

19 ಏಪ್ರಿಲ್, ಶನಿವಾರ

ಕೆಟ್ಟ ರಾತ್ರಿ. ಮೂಲೆಯಲ್ಲಿ ಯಾರೋ ಮಕ್ಕಳು ಕೂತಿದ್ದಾರೆ ಅಂತ ಇವಳಿಗೆ ಹೆದರಿಕೆ. ಈ ರೋಗದಲ್ಲಿ, ಈ ಔಷಧಗಳಲ್ಲಿ ಹೀಗೂ ಆಗುತ್ತದೆ, ಡಾಕ್ಟರಿಗೆ ತಿಳಿಸಬೇಕು. ದೀಪ ಹಾಕಿದೆ, ಕೈ ಹಿಡಿದು ಕೂತೆ. ಪ್ರಾರ್ಥನೆಗೆ ಮಾತು ಬರಲಿಲ್ಲ. 88ನೇ ಕೀರ್ತನೆ ಓದಿದೆ. ಕೊನೆಯ ಸಾಲಿನವರೆಗೂ ಕತ್ತಲೆಯೇ ಇರುವ ಕೀರ್ತನೆ ಅದು. ಅದನ್ನು ಸತ್ಯವೇದದಲ್ಲಿ ಇಟ್ಟವರಿಗೆ ನಮ್ಮಂಥ ಮನೆಗಳು ಗೊತ್ತಿದ್ದವು.

20 ಏಪ್ರಿಲ್, ಈಸ್ಟರ್

ಮಗಳು ಬಂದಿದ್ದಾಳೆ. ಬಿರಿಯಾನಿ ಎರಡರ ಗುಳಿಗೆ ಇಳಿದು ಒಂದು ತಾಸಾದ ಮೇಲೆ. ಇವಳು ತಾನೇ ಚಮಚ ಹಿಡಿದು ನಾಲ್ಕು ತುತ್ತು ಉಂಡಳು.

ಸಂಜೆ ಸಭಾಪಾಲಕರು ಬಂದರು. ಸಭೆಯಲ್ಲಿ ಹೀಗೆ ಹಾಸಿಗೆ ಹಿಡಿದವರಿರುವ ಮನೆಗಳ ಪಟ್ಟಿ ಮಾಡಿದೆವು. ಭೇಟಿ, ಪ್ರಾರ್ಥನೆ ಅಂತಷ್ಟೇ ಬರೆಯುವುದು ಬೇಡ, ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾರು ಅಂತ ಬರೆಯೋಣ ಅಂದೆ. ಗುರುವಾರದ ಸಂಜೆ ನಮಗೆ ಖಾಯಂ ಆಯಿತು. ಮೊದಲ ಹೊಸ ಮನೆ ಒಬ್ಬ ತಾಯಿಯದು. ಆಕೆಯ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಈಗ ಆಕೆಯ ಎತ್ತರಕ್ಕೆ ಬೆಳೆದಿದ್ದಾನೆ, ಎತ್ತಲಾಗುವುದಿಲ್ಲ.

ಎಂಟಕ್ಕೆ ಆಕೆಯೇ ಫೋನ್ ಮಾಡಿದರು. "ಅಣ್ಣಾರ, ಆ ಚೀಟಿ ಹ್ಯಾಂಗ ಬರೀಬೇಕ್ರಿ?" ಮೊದಲು ಔಷಧದ ವೇಳೆ ಬರೀರಿ ಅಂದೆ. ಆಮೇಲೆ ಅವನನ್ನು ಎತ್ತುವಾಗ ಎಲ್ಲಿ ಕೈ ಕೊಡಬೇಕು ಅನ್ನೋದು. ಆಮೇಲೆ ಅವನಿಗೆ ಯಾವ ಹಾಡು ಸೇರುತ್ತದೆ, ಅದನ್ನೂ ಬರೀರಿ ತಂಗೀ.