ಒಂಬತ್ತು ವರ್ಷ ಕಾದ ಕಮಾಲ್

ರ‍್ಯಾಪ್ ಎಂದರೆ ನಮಗೆ ಬಹಳ ಕಾಲ ಒಂದೇ ಚಿತ್ರ: ಕೊರಳಲ್ಲಿ ಚಿನ್ನದ ಸರಪಳಿ, ಹಿಂದೆ ಉದ್ದದ ಕಾರು, ಬಾಯಲ್ಲಿ ಬೈಗುಳ. ಹಾಡಲು ಬಾರದವರು ಮಾತನ್ನೇ ಹಾಡೆಂದು ಮಾರುತ್ತಿದ್ದಾರೆ ಎಂದು ಚಹಾದಂಗಡಿಯಲ್ಲಿ ಕುಳಿತು ತೀರ್ಪು ಕೊಟ್ಟದ್ದೂ ಉಂಟು. ನಾವು ಎಂದರೆ ಕರಾವಳಿಯ ಒಂದು ಸಣ್ಣ ಊರಿನ ಇಬ್ಬರು ಗೆಳೆಯರು. ಒಬ್ಬರು ಮೇಷ್ಟ್ರಾಗಿ ನಿವೃತ್ತರಾದವರು, ಇನ್ನೊಬ್ಬರಿಗೆ ದಿನಸಿ ಅಂಗಡಿ.

2010ರ ಬೇಸಿಗೆಯಲ್ಲಿ ಅಂಗಡಿಯವರ ಮಗ ಶಾರ್ಜಾದಿಂದ ರಜೆಗೆ ಬಂದ. ಪೆಟ್ಟಿಗೆಯಲ್ಲಿ ಖರ್ಜೂರ, ಅತ್ತರು, ಕಂಬಳಿಗಳ ನಡುವೆ ಎರಡು ಸಿಡಿಗಳಿದ್ದವು. "ಬಾಪಾ, ಇದನ್ನೊಮ್ಮೆ ಕೇಳಿ. ಇವರ ಹೆಸರು ಕಮಾಲ್" ಎಂದ. ಹಾಡಿಗಿಂತ ಮೊದಲು ಹೆಸರು ನಮ್ಮನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ಈ ಕಮಾಲ್ ಯಾರು?

ಲೋಕಕ್ಕೆ ಆತ ಕ್ಯೂ-ಟಿಪ್. ಕಿವಿ ಶುಚಿ ಮಾಡುವ ಹತ್ತಿಕಡ್ಡಿಗೆ ಅಮೆರಿಕದಲ್ಲಿ ಇದೇ ಹೆಸರು. ಹುಟ್ಟಿದ್ದು 1970ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಬೆಳೆದದ್ದು ಅದೇ ನಗರದ ಕ್ವೀನ್ಸ್ ಭಾಗದಲ್ಲಿ. ಹೆತ್ತವರಿಟ್ಟ ಹೆಸರು ಜೊನಾಥನ್ ಡೇವಿಸ್. 1990ರ ದಶಕದ ನಡುವಿನಲ್ಲಿ ಇಸ್ಲಾಮ್ ಸ್ವೀಕರಿಸಿದ ಮೇಲೆ ಕಮಾಲ್ ಇಬ್ನ್ ಜಾನ್ ಫರೀದ್ ಆದರು. ಗೆಳೆಯರೊಂದಿಗೆ ಕಟ್ಟಿದ 'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ತಂಡದ ಮೊದಲ ಆಲ್ಬಮ್ 1990ರಲ್ಲಿ ಬಂತು. ತಂದೆಯ ಬಳಿ ಇದ್ದ ಜಾಝ್ ಸಂಗೀತದ ತಟ್ಟೆಗಳನ್ನು ಕೇಳಿ ಬೆಳೆದ ಹುಡುಗ, ಅಂಥ ಹಳೆಯ ತಟ್ಟೆಗಳಿಂದ ಒಂದೊಂದು ತುಣುಕು ಆಯ್ದು ಹೊಸ ತಾಳ ಕಟ್ಟಿದ. 1991ರ ಎರಡನೆಯ ಆಲ್ಬಮ್‌ಗೆ ಜಾಝ್ ಲೋಕದ ಹಿರಿಯ ರಾನ್ ಕಾರ್ಟರ್ ತಾವೇ ಬಂದು ಬಾಸ್ ನುಡಿಸಿದರು. ಬಂದೂಕು ಮತ್ತು ಬಡಾಯಿಯ ರ‍್ಯಾಪ್ ಹೆಚ್ಚು ಮಾರಾಟವಾಗುತ್ತಿದ್ದ ದಿನಗಳಲ್ಲಿ ಈ ಹುಡುಗರು ನಗುತ್ತಾ, ತಮಾಷೆ ಮಾಡುತ್ತಾ, ಯೋಚಿಸುತ್ತಾ ಹಾಡಿದರು.

ಕಮಾಲ್, ಅದೇ ತಂಡದ ಅಲಿ ಶಹೀದ್ ಮುಹಮ್ಮದ್ ಮತ್ತು ಡೆಟ್ರಾಯಿಟ್ ನಗರದ ಜೆ ಡಿಲ್ಲಾ ಸೇರಿ ಹಾಡುಗಳಿಗೆ ಸಂಗೀತ ಕಟ್ಟುವ ಒಂದು ಕೂಟ ಮಾಡಿಕೊಂಡಿದ್ದರು. ಅದರ ಹೆಸರು 'ದಿ ಉಮ್ಮಾ'. ಶುಕ್ರವಾರದ ಖುತ್ಬಾದಲ್ಲಿ ಚಿಕ್ಕಂದಿನಿಂದ ಕೇಳಿದ ಪದವೊಂದು ಅಮೆರಿಕದ ಸಿಡಿಗಳ ಹಿಂಬದಿಯಲ್ಲಿ ಅಚ್ಚಾಗಿತ್ತೆಂದು ತಿಳಿದಾಗ ನಮಗೆ ನಗು ಬಂತು, ಹೆಮ್ಮೆಯೂ ಆಯಿತು. ಸಂಗೀತ ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮೂರಲ್ಲಿ ಇನ್ನೂ ಮುಗಿದಿಲ್ಲ. ಅದನ್ನು ಇಲ್ಲಿ ಮುಗಿಸುವ ಯೋಗ್ಯತೆಯೂ ನಮಗಿಲ್ಲ.

1998 ಕಮಾಲ್ ಪಾಲಿಗೆ ಕೆಟ್ಟ ವರ್ಷ. ಮನೆಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕೂಡಿಟ್ಟ ತಟ್ಟೆಗಳೂ ಹೊರಬರದ ಧ್ವನಿಮುದ್ರಣಗಳೂ ಸುಟ್ಟುಹೋದವು. ಅದೇ ವರ್ಷ ತಂಡವೂ ಒಡೆಯಿತು. 1999ರಲ್ಲಿ ಅರಿಸ್ಟಾ ಕಂಪೆನಿಯಿಂದ ಅವರದೇ ಹೆಸರಿನ ಮೊದಲ ಆಲ್ಬಮ್ 'ಆಂಪ್ಲಿಫೈಡ್' ಬಂತು. ಕುಣಿಯುವ ಹಾಡುಗಳು, ಚೆನ್ನಾಗಿ ಮಾರಾಟವಾದವು. ಕಂಪೆನಿಗೆ ಬೇಕಾದದ್ದು ಅಂಥದ್ದೇ ಇನ್ನೊಂದು. ಕಮಾಲ್ ತಂದುಕೊಟ್ಟದ್ದು ಬೇರೆ. 'ಕಮಾಲ್ ದಿ ಅಬ್‌ಸ್ಟ್ರ್ಯಾಕ್ಟ್' ಎಂಬ ಆ ಸಂಕಲನದಲ್ಲಿ ಅವರು ರ‍್ಯಾಪ್‌ಗಿಂತ ಹೆಚ್ಚು ಹಾಡಿದ್ದಾರೆ. ಸ್ಯಾಕ್ಸೋಫೋನ್, ಗಿಟಾರ್ ನುಡಿಸುವವರು ನಿಮಿಷಗಟ್ಟಲೆ ತಮ್ಮ ಪಾಡಿಗೆ ನುಡಿಸುತ್ತಾ ಹೋಗುತ್ತಾರೆ. 2002ರಲ್ಲಿ ಬಿಡುಗಡೆಯಾಗಬೇಕಿತ್ತು. ವಿಮರ್ಶಕರ ಕೈಗೆ ಪ್ರತಿಗಳೂ ಹೋಗಿದ್ದವು. ಕೊನೆಯ ಗಳಿಗೆಯಲ್ಲಿ, ಇದು ಮಾರಾಟವಾಗುವ ಸರಕಲ್ಲವೆಂದು ಕಂಪೆನಿ ಅದನ್ನು ಕಪಾಟಿನಲ್ಲಿಟ್ಟಿತು.

ಹಾಗಾದರೆ ಇನ್ನೊಂದು ಕಂಪೆನಿಗೆ ಕೊಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ನಾವೂ ಕೇಳಿದೆವು. ಈ ವ್ಯಾಪಾರ ನಡೆಯುವ ರೀತಿಯೇ ಬೇರೆ. ಸ್ಟುಡಿಯೋದ ಬಾಡಿಗೆ, ವಾದ್ಯಗಾರರ ಸಂಬಳ, ಹಾಡುವವನ ಮುಂಗಡ ಎಲ್ಲವನ್ನೂ ಸಾಮಾನ್ಯವಾಗಿ ಕಂಪೆನಿ ಕೊಡುತ್ತದೆ. ಅದಕ್ಕೆ ಬದಲಾಗಿ ಮೂಲ ಧ್ವನಿಮುದ್ರಣ ಕಂಪೆನಿಯ ಸೊತ್ತಾಗುತ್ತದೆ. ಅದನ್ನು ಹೊರಗೆ ತರಲೇಬೇಕೆಂಬ ಕಟ್ಟುಪಾಡು ಬಹಳ ಸಲ ಇರುವುದಿಲ್ಲ. ಹಾಡಿದವನು ತನ್ನದೇ ದನಿಯನ್ನು ಹೊತ್ತು ಬೇರೆ ಬಾಗಿಲು ತಟ್ಟುವಂತಿಲ್ಲ. ನಮ್ಮ ಜಿಲ್ಲೆಯ ಹಳೆಯ ಗೇಣಿ ಒಕ್ಕಲಿನ ಕಥೆಯೇ ಇದು: ಬೆವರು ಒಬ್ಬನದು, ಹೊಲ ಇನ್ನೊಬ್ಬನದು.

ಇದನ್ನು ಓದಿ ತಿಳಿದುಕೊಂಡ ದಿನ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮದೂ ಒಂದು ಕಪಾಟಿನ ಕಥೆ ಇದೆ.

1996ರಲ್ಲಿ ನಾವು ಇಬ್ಬರಲ್ಲ, ಮೂವರಿದ್ದೆವು. ಮೇಷ್ಟ್ರು ಹಾಡು ಬರೆಯುತ್ತಿದ್ದರು, ಅಂಗಡಿಯವರು ದಫ್ ಬಾರಿಸುತ್ತಿದ್ದರು, ಮೂರನೆಯವನು ಹಾಡುತ್ತಿದ್ದ. ಅವನ ದನಿಗೆ ಉಪ್ಪುಗಾಳಿಯ ಗರಗರ ಇತ್ತು. ಮೀನುಗಾರರ ಮಳೆಗಾಲದ ಬಗ್ಗೆ, ವರದಕ್ಷಿಣೆಗೆ ಹೆದರಿ ಮುದುಡಿದ ಹೆಣ್ಣುಮಕ್ಕಳ ಬಗ್ಗೆ, ಒಟ್ಟು ಆರು ಹಾಡು ಮಾಡಿದೆವು. ಸಾಲ ಮಾಡಿ ಒಂದು ದಿನಕ್ಕೆ ಸ್ಟುಡಿಯೋ ಹಿಡಿದು, ಮುದ್ರಿಸಿದ ಟೇಪನ್ನು ಪಕ್ಕದ ಪಟ್ಟಣದ ಒಂದು ಕ್ಯಾಸೆಟ್ ಕಂಪೆನಿಗೆ ಕೊಟ್ಟೆವು. ಎಂಟು ತಿಂಗಳು ಅಲೆದಾಡಿಸಿದ ಮಾಲೀಕರು ಕೊನೆಗೆ, "ಮದುವೆ ಮನೆಯಲ್ಲಿ ಓಡುವಂಥದ್ದು ತನ್ನಿ ಮಾರಾಯ್ರೆ. ಇದನ್ನು ಯಾರು ಕೇಳ್ತಾರೆ?" ಎಂದರು. ಟೇಪನ್ನು ಕೇಳಿದರೆ ಹುಡುಕಿ ಕೊಡುತ್ತೇನೆಂದರು. ಹುಡುಕಲೇ ಇಲ್ಲ. ಕೆಲವು ವರ್ಷಗಳಲ್ಲಿ ಆ ಅಂಗಡಿ ಮೊಬೈಲ್ ರೀಚಾರ್ಜಿನ ಅಂಗಡಿಯಾಯಿತು.

ಇದನ್ನು ನಾವು ಅನೇಕರಿಗೆ ಹೇಳಿದ್ದೇವೆ. ಹೇಳುವಾಗ ಒಂದು ಭಾಗವನ್ನು ಯಾವಾಗಲೂ ಬಿಟ್ಟಿದ್ದೇವೆ. ಮೂರನೆಯವನು, "ಹಾಡು ತಲೆಯಲ್ಲೇ ಇದೆಯಲ್ಲ, ಇನ್ನೊಮ್ಮೆ ಹಾಡೋಣ" ಎಂದಿದ್ದ. ಸಾಲ ತೀರಿಲ್ಲ, ಊರವರು ನಗುತ್ತಾರೆ, ಮಕ್ಕಳಿದ್ದಾರೆ ಎಂದು ನಾವಿಬ್ಬರು ಅವನ ಬಾಯಿ ಮುಚ್ಚಿಸಿದೆವು. ಅವನು ದಮ್ಮಾಮಿಗೆ ಹೋದ. ಟೇಪು ಕಳೆದದ್ದು ಕಂಪೆನಿಯಿಂದ. ಹಾಡು ನಿಂತದ್ದು ನಮ್ಮಿಂದ.

ಕಮಾಲ್ ನಿಲ್ಲಿಸಲಿಲ್ಲ. 2003ರಲ್ಲಿ ಅದೇ ಅರಿಸ್ಟಾದಿಂದ ಔಟ್‌ಕಾಸ್ಟ್ ಜೋಡಿಯ ಆಲ್ಬಮ್ ಬಂತು. ಅದರ ಅರ್ಧದಲ್ಲಿ ಒಬ್ಬ ರ‍್ಯಾಪ್ ಕಲಾವಿದ ಬಹುಪಾಲು ಹಾಡುತ್ತಲೇ ಹೋಗುತ್ತಾನೆ. 2004ರಲ್ಲಿ ಅದಕ್ಕೆ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿ ಬಂತು. ಇದನ್ನು ನೋಡಿ ಹೊಟ್ಟೆ ಉರಿದುಕೊಂಡು ಕೂರಬಹುದಿತ್ತು. 'ಓಪನ್' ಎಂಬ ಇನ್ನೊಂದು ಸಂಕಲನ ಮಾಡಿದರು; ಅದೂ ಬಿಡುಗಡೆಯಾಗಲಿಲ್ಲ. ಬ್ರಿಟನ್ನಿನ ಕೆಮಿಕಲ್ ಬ್ರದರ್ಸ್ ಕರೆದಾಗ ಹೋಗಿ ಹಾಡಿದರು. ಮೊರಾಕ್ಕೊದ ಗಾಯಕಿ ನಜಾತ್ ಅತಾಬು ಅವರ ಹಾಡಿನ ತುಣುಕನ್ನು ಇಟ್ಟುಕೊಂಡು ಕಟ್ಟಿದ ಆ ಹಾಡಿಗೆ 2006ರಲ್ಲಿ ಗ್ರ್ಯಾಮಿ ಬಂತು. ಅದೇ ವರ್ಷದ ಫೆಬ್ರವರಿಯಲ್ಲಿ ಉಮ್ಮಾದ ಜೆ ಡಿಲ್ಲಾ 32ನೇ ವಯಸ್ಸಿಗೇ ತೀರಿಕೊಂಡರು.

ಕೊನೆಗೆ 2008ರ ನವೆಂಬರ್ 4ರಂದು ಯೂನಿವರ್ಸಲ್ ಮೋಟೌನ್ ಕಂಪೆನಿಯಿಂದ 'ದಿ ರಿನೈಸಾನ್ಸ್' ಬಂತು. ಕನ್ನಡದಲ್ಲಿ ಹೇಳುವುದಾದರೆ ನವೋದಯ. ಮೊದಲ ಆಲ್ಬಮ್ ಬಂದು ಒಂಬತ್ತು ವರ್ಷ ಕಳೆದಿತ್ತು, ಅವರಿಗೆ 38 ತುಂಬಿತ್ತು. ಅಮೆರಿಕದಲ್ಲಿ ಆಗ ಹೊಸ ಆಲ್ಬಮ್‌ಗಳು ಅಂಗಡಿಗೆ ಬರುತ್ತಿದ್ದದ್ದು ಮಂಗಳವಾರ. ಅಲ್ಲಿಯ ಅಧ್ಯಕ್ಷರ ಚುನಾವಣೆಯೂ ಮಂಗಳವಾರವೇ. ಹಾಗಾಗಿ ಬೆಳಿಗ್ಗೆ ಅಂಗಡಿಯಲ್ಲಿ ಈ ಸಿಡಿ. ಅದೇ ರಾತ್ರಿ ಬರಾಕ್ ಒಬಾಮ ಗೆದ್ದ ಸುದ್ದಿ.

ಆ ಸಿಡಿಯಲ್ಲಿ ದೂರು ಇರುತ್ತದೆ ಎಂದುಕೊಂಡಿದ್ದೆವು. ಒಂಬತ್ತು ವರ್ಷ ಬಾಯಿ ಕಟ್ಟಿಸಿಕೊಂಡವನು ಬೈಯದೆ ಇರುತ್ತಾನೆಯೇ? ಆದರೆ ನಮ್ಮ ಕಿವಿಗೆ ಬಿದ್ದದ್ದು ಹಗುರವಾದ, ಮೂಗಿನಲ್ಲಿ ಸ್ವಲ್ಪ ನಗುವಂಥ ದನಿ. ಇಂಗ್ಲಿಷ್ ಮಾತು ಅರ್ಧಕ್ಕರ್ಧ ಅರ್ಥವಾಗಲಿಲ್ಲ, ಹುಡುಗ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದ. ತಾಳ ಮಾತ್ರ ಅಂಗಡಿಯವರ ಬೆರಳಿಗೆ ತಾನಾಗಿಯೇ ಹತ್ತಿತು; ಬೆತ್ತದ ಕುರ್ಚಿಯ ತೋಳಿನ ಮೇಲೆ ದಫ್ ಶುರುವಾಯಿತು. 'ಮೂವ್' ಎಂಬ ಹಾಡಿನ ಸಂಗೀತ ತೀರಿಹೋದ ಜೆ ಡಿಲ್ಲಾ ಅವರದು. ಇನ್ನೊಂದರಲ್ಲಿ ಪಂಡಿತ್ ರವಿಶಂಕರ್ ಅವರ ಮಗಳು ನೋರಾ ಜೋನ್ಸ್ ದನಿಗೂಡಿಸಿದ್ದಾರೆ. ಆ ಹಾಡಿನಲ್ಲಿ ಕಮಾಲ್ ತನಗಿಂತ ಮೊದಲು ಹಾಡಿದವರ, ಜೊತೆಗೆ ಹಾಡಿದವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ.

ಕಪಾಟಿನಲ್ಲಿದ್ದ 'ಕಮಾಲ್ ದಿ ಅಬ್‌ಸ್ಟ್ರ್ಯಾಕ್ಟ್' 2009ರ ಸೆಪ್ಟೆಂಬರಿನಲ್ಲಿ ಹೊರಬಂತು, ಏಳು ವರ್ಷ ತಡವಾಗಿ. ಹುಡುಗ ತಂದ ಎರಡನೆಯ ಸಿಡಿ ಅದೇ. 2010ರ ಗ್ರ್ಯಾಮಿಯಲ್ಲಿ 'ದಿ ರಿನೈಸಾನ್ಸ್' ಶ್ರೇಷ್ಠ ರ‍್ಯಾಪ್ ಆಲ್ಬಮ್‌ಗಳ ಪಟ್ಟಿಯಲ್ಲಿತ್ತು. ಪ್ರಶಸ್ತಿ ಎಮಿನೆಮ್ ಪಾಲಾಯಿತು.

ಒಡೆದ ತಂಡದ ಕಥೆಯನ್ನೂ ಹೇಳಬೇಕು. ಕಮಾಲ್ ಮತ್ತು ಬಾಲ್ಯದ ಗೆಳೆಯ ಫೈಫ್ ನಡುವಿನ ಮುನಿಸು 2011ರ ಒಂದು ಸಾಕ್ಷ್ಯಚಿತ್ರದಲ್ಲಿ ಲೋಕಕ್ಕೆಲ್ಲ ಕಾಣುವಂತೆ ಬಂತು. 2015ರಲ್ಲಿ ಅವರು ಮತ್ತೆ ಒಟ್ಟಾಗಿ, ಕಮಾಲ್ ಮನೆಯ ಸ್ಟುಡಿಯೋದಲ್ಲಿ ಕೆಲಸಕ್ಕೆ ಕುಳಿತರು. ಸಕ್ಕರೆ ಕಾಯಿಲೆಯಿಂದ ವರ್ಷಗಟ್ಟಲೆ ನರಳಿದ್ದ ಫೈಫ್ 2016ರ ಮಾರ್ಚ್ 22ರಂದು, 45ನೇ ವಯಸ್ಸಿನಲ್ಲಿ ತೀರಿಕೊಂಡರು. ಆಲ್ಬಮ್ ನವೆಂಬರ್ 11ರಂದು ಬಂದು, ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೂರು ದಿನದ ಹಿಂದೆಯಷ್ಟೇ ಡೊನಾಲ್ಡ್ ಟ್ರಂಪ್ ಗೆದ್ದಿದ್ದರು. ಕಪ್ಪುಜನ, ಮೆಕ್ಸಿಕೊದವರು, ಬಡವರು, ಮುಸ್ಲಿಮರು ಎಲ್ಲರೂ ಹೊರಡಿ ಎನ್ನುವವರ ದನಿಯನ್ನೇ ಅಣಕಿಸುವ ಹಾಡೊಂದು ಅದರಲ್ಲಿದೆ. ಫೈಫ್ ಆ ಹಾಡಿನಲ್ಲೂ ಇದ್ದಾರೆ.

ಅದನ್ನು ಕೇಳಿದ ವಾರ ನಾವು ದಮ್ಮಾಮಿಗೆ ಫೋನ್ ಮಾಡಿದೆವು. ಇಪ್ಪತ್ತು ವರ್ಷಗಳಲ್ಲಿ ಈದ್ ಮುಬಾರಕ್ ಬಿಟ್ಟು ಬೇರೆ ಮಾತಾಡಿರಲಿಲ್ಲ. ಏನು ಹೇಳುವುದೆಂದು ತಿಳಿಯದೆ, "ನಿನ್ನ ಸಕ್ಕರೆ ಎಷ್ಟಿದೆ?" ಎಂದು ಕೇಳಿದೆವು. ಅವನು ನಕ್ಕ. "ಮೊದಲು ಮಾಪು ಕೇಳಿ, ಆಮೇಲೆ ಸಕ್ಕರೆ" ಎಂದ. ಕೇಳಿದೆವು.

2019ರಲ್ಲಿ ಅವನು ಊರಿಗೆ ಮರಳಿದ. ದನಿ ದಪ್ಪಗಾಗಿದೆ, ಮೇಲಿನ ಸ್ವರಕ್ಕೆ ಏರುವುದಿಲ್ಲ. ಆರು ಹಾಡುಗಳಲ್ಲಿ ನಾಲ್ಕು ಪೂರ್ತಿ ನೆನಪಿದ್ದವು, ಐದನೆಯದಕ್ಕೆ ಪಲ್ಲವಿ ಮಾತ್ರ. ಆರನೆಯದನ್ನು ಬರೆದ ಮೇಷ್ಟ್ರಿಗೇ ಅದು ನೆನಪಿಲ್ಲ. ಅಂಗಡಿಯ ಮಹಡಿಯ ಅಕ್ಕಿಚೀಲಗಳ ನಡುವೆ ಕುಳಿತು ಮೊಬೈಲಿನಲ್ಲಿ ಮುದ್ರಿಸಿಕೊಂಡೆವು. ಕೇಳುವವರು ನಮ್ಮ ಮನೆಯವರು, ಪಕ್ಕದ ಮನೆಯ ನಾಲ್ಕು ಮಂದಿ.

ಕಮಾಲ್‌ಗೆ ಈಗ 50 ದಾಟಿದೆ. 2024ರಲ್ಲಿ ಅವರು ತಮ್ಮ ಹೆಸರನ್ನು ಮುಂದಿಡದೆ, ತಮ್ಮ ಹಾಗೆಯೇ ಹಿರಿಯರಾದ ಎಲ್ಎಲ್ ಕೂಲ್ ಜೆ ಅವರಿಗೆ ಒಂದು ಆಲ್ಬಮ್‌ನ ಸಂಗೀತ ಕಟ್ಟಿಕೊಟ್ಟರು. ಆ ಸುದ್ದಿ ಓದಿ ಹೇಳಿದಾಗ ಮೂರನೆಯವನು, "ಆರನೆಯ ಹಾಡನ್ನು ಹೊಸದಾಗಿಯೇ ಬರೆಯಿರಿ ಮೇಷ್ಟ್ರೇ" ಎಂದ. ಬರೆಯುವ ಕೆಲಸ ನಡೆದಿದೆ.