ಲೋಪಾಮುದ್ರೆ

ಅಜ್ಜಿ ಮೊಮ್ಮಗಳಿಗೆ ಇಟ್ಟ ಹೆಸರು ಲೋಪಾಮುದ್ರೆ. ಶಾಲೆಯಲ್ಲಿ ಲೋಪಸಂಧಿಯ ಪಾಠವಾದ ದಿನ ಗೆಳತಿಯರು ನಕ್ಕರು. "ಹೆಸರಿನಲ್ಲಿಯೇ ಲೋಪ! ಬೇರೆ ಹೆಸರಿಡಿ" ಎಂದು ಹುಡುಗಿ ಮನೆಗೆ ಬಂದು ಅತ್ತಳು.

ಆದರೆ ಆ ಹೆಸರು ಸಾಮಾನ್ಯವಾದುದಲ್ಲ. ಋಗ್ವೇದದ ಮೊದಲ ಮಂಡಲದ 179ನೆಯ ಸೂಕ್ತದಲ್ಲಿ ತಪೋನಿರತನಾದ ಪತಿ ಅಗಸ್ತ್ಯನಿಗೆ ದಾಂಪತ್ಯವನ್ನು ನೆನಪಿಸುವ ದಿಟ್ಟೆ ಅವಳು. ಮಹಾಭಾರತದ ವನಪರ್ವದಲ್ಲಿ ಅಗಸ್ತ್ಯನು ಸಕಲ ಜೀವಿಗಳ ಶ್ರೇಷ್ಠ ಅಂಗಗಳನ್ನು ಆಯ್ದು ಅವಳನ್ನು ರೂಪಿಸಿ ವಿದರ್ಭರಾಜನಿಗೆ ಮಗಳಾಗಿ ಕೊಟ್ಟನು. ಅವಳೆದುರು ಉಳಿದವರ ಚೆಲುವಿನ ಮುದ್ರೆ ಲೋಪವಾಯಿತೆಂಬುದು ಹೆಸರಿಗೆ ಹೇಳುವ ಒಂದು ಅರ್ಥ. ಕೊಡಗಿನ ಕಥೆಯಲ್ಲಿ ಕವೇರ ಮುನಿಯ ಸಾಕುಮಗಳಾದ ಅವಳೇ ಕಾವೇರಿಯಾಗಿ ಹರಿದಳು.

ಅಜ್ಜಿ ಕಣ್ಣೊರೆಸಿ ನುಡಿದರು: "ಊರು, ಅಲ್ಲಿ, ಉಕಾರ ಲೋಪವಾದುದರಿಂದಲೇ 'ಊರಲ್ಲಿ' ಎಂದು ಕೂಡಿತಲ್ಲವೇ, ಮಗು?"

ಮರುದಿನ ಹಾಜರಿಯ ವೇಳೆ ಹುಡುಗಿಯ ದನಿ ಗಟ್ಟಿಯಾಗಿತ್ತು.