ತೊಳಸು ಬೆಸುಗೆ

ಚಿಕ್ಕಂದಿನಲ್ಲಿ ನಮ್ಮೂರ ಕುಲುಮೆಯ ಮುಂದೆ ಗಂಟೆಗಟ್ಟಲೆ ಕೂತಿದ್ದೇನೆ. ಸವೆದ ಗುದ್ದಲಿಗೆ ಹೊಸ ತುಂಡು ಕೂಡಿಸಬೇಕಾದರೆ ಎರಡನ್ನೂ ಬೆಳ್ಳಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ನಾಲ್ಕು ಪೆಟ್ಟಿಗೆ ಎರಡು ಒಂದಾಗುತ್ತಿತ್ತು. ಕಬ್ಬಿಣ ಕರಗುತ್ತಿರಲಿಲ್ಲ, ಮೆತ್ತಗಾಗುತ್ತಿತ್ತು ಅಷ್ಟೇ.

ಕರಗಿಸದೆ ಬೆಸೆಯುವ ಈ ವಿದ್ಯೆಗೆ 1991ರಲ್ಲಿ ಹೊಸ ದಾರಿಯೊಂದು ತೆರೆಯಿತು. ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು ಕಂಡುಕೊಂಡ ಇದರ ಹೆಸರು ಫ್ರಿಕ್ಷನ್ ಸ್ಟರ್ ವೆಲ್ಡಿಂಗ್. ನಾನಂತೂ ತೊಳಸು ಬೆಸುಗೆ ಅನ್ನುತ್ತೇನೆ. ಕೋಲು ಹಿಡಿದು ಮುದ್ದೆ ತೊಳಸುವ ಸೀಮೆಯವನಿಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಇದು ಬೇಕಾಗಿದ್ದು ಮುಖ್ಯವಾಗಿ ಅಲ್ಯೂಮಿನಿಯಮ್ಮಿಗೆ. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ನನ್ನು ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಕಾರಿಕೊಳ್ಳುತ್ತದೆ. ಬೆಸುಗೆಯೊಳಗೆ ಗುಳ್ಳೆ ಉಳಿಯುತ್ತದೆ. ವಿಮಾನಕ್ಕೆ ಬಳಸುವ ಗಟ್ಟಿ ಮಿಶ್ರಲೋಹಗಳು ಆರುವಾಗಲೇ ಬಿರುಕು ಬಿಡುತ್ತವೆ. ಅದಕ್ಕೇ ಅವನ್ನು ರಿವೆಟ್ ಹೊಡೆದು ಕೂಡಿಸುತ್ತಿದ್ದರು.

ನಾನು ಮೊದಲು ನೋಡಿದ್ದು ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ, ಹಳೇ ಮಿಲ್ಲಿಂಗ್ ಮೆಷಿನ್ನಿನ ಮೇಲೆ. ಎರಡು ಪ್ಲೇಟುಗಳನ್ನು ಅಂಚಿಗೆ ಅಂಚು ಸೇರಿಸಿ ಬಿಗಿದಿದ್ದರು. ಟೂಲ್ ಅಂದರೆ ಗಿಡ್ಡ ಉಕ್ಕಿನ ಕಂಬ. ಅಗಲವಾದ ಭುಜ, ಅದರ ತುದಿಗೆ ಚಿಕ್ಕ ಮೊಳೆ. ಗಿರಗಿರ ತಿರುಗುತ್ತಾ ಮೊಳೆ ಪ್ಲೇಟಿಗೆ ತಾಗಿದಾಗ ಕಿರ್ರೆಂದು ಕೂಗಿತು. ಭುಜ ಕೂತದ್ದೇ ಸದ್ದು ತಗ್ಗಿತು. ಕ್ಷಣ ಹೊತ್ತು ಅಲ್ಲೇ ತಿರುಗಿ, ಲೋಹ ಮೆತ್ತಗಾದ ಮೇಲೆ ಮುಂದೆ ಸರಿಯತೊಡಗಿತು. ಕಿಡಿಯಿಲ್ಲ, ಹೊಗೆಯಿಲ್ಲ. ಹಿಂದೆ ಉಳಿದದ್ದು ಅರ್ಧಚಂದ್ರದ ಗೆರೆಗಳ ಬೆಳ್ಳನೆಯ ಪಟ್ಟಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಇಲ್ಲಿನ ಕಾವು ಸಾಮಾನ್ಯವಾಗಿ 400–500ರ ಆಸುಪಾಸು. ಮೊಳೆ ಕಲಸುತ್ತದೆ, ಭುಜ ಅದುಮುತ್ತದೆ. ಕುಲುಮೆಯ ಬೆಂಕಿ, ಸುತ್ತಿಗೆ ಎರಡೂ ಒಂದೇ ಟೂಲಿನಲ್ಲಿ!

ಇನ್ನು ದೋಷಗಳ ಮಾತು. ಕಾವು ಹೆಚ್ಚಾದರೆ, ಟೂಲ್ ಅತಿಯಾಗಿ ಇಳಿದರೆ ಲೋಹ ಅಂಚಿನಲ್ಲಿ ರಿಬ್ಬನ್ನಿನಂತೆ ಉಕ್ಕುತ್ತದೆ. ಅದು ಕಣ್ಣಿಗೇ ಕಾಣುತ್ತದೆ. ಕೊನೆಯಲ್ಲಿ ಮೊಳೆ ಎದ್ದುಬಂದ ಜಾಗದಲ್ಲಿ ಗುಳಿ ಬೀಳುತ್ತದೆ. ಆ ತುದಿಯನ್ನು ಕತ್ತರಿಸಿ ಹಾಕಿದರಾಯಿತು. ಮೋಸ ಇರುವುದು ಒಳಗೆ. ಕಾವು ಸಾಲದೆ ಅವಸರದಲ್ಲಿ ಟೂಲ್ ಓಡಿಸಿದರೆ, ಒತ್ತಡ ಕಡಿಮೆಯಾದರೆ, ಮೊಳೆ ಸರಿದ ಜಾಗ ತುಂಬದೆ ಉದ್ದಕ್ಕೂ ಸುರಂಗ ಉಳಿಯುತ್ತದೆ. ಟೂಲ್ ತಿರುಗುವ ದಿಕ್ಕೂ ಸಾಗುವ ದಿಕ್ಕೂ ಒಂದೇ ಆಗಿರುವ ಬದಿಯಲ್ಲೇ ಇದು ಹೆಚ್ಚು. ಸರಿಯಾಗಿ ಬೇಯದ ಹಿಟ್ಟನ್ನು ಆತುರದಲ್ಲಿ ತೊಳಸಿದರೆ ಮುದ್ದೆಯೊಳಗೆ ಗಂಟು ಉಳಿಯುವುದಿಲ್ಲವೇ, ಹಾಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಕುಮಾರ್ ಮತ್ತು ಸತೀಶ್ ಕೈಲಾಸ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಪ್ಲೇಟನ್ನು ಕೊಂಚ ಓರೆಯಾಗಿಟ್ಟು, ಟೂಲ್ ಸಾಗಿದಷ್ಟೂ ಹೆಚ್ಚು ಒತ್ತುವಂತೆ ಮಾಡಿ, ಭುಜದ ಅದುಮು ಬಲಿತ ಮೇಲೆ ಟೊಳ್ಳು ಮುಚ್ಚಿಹೋಗುವುದನ್ನು ಒಂದೇ ಓಟದಲ್ಲಿ ಕಂಡರು. 2008ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಬಹಳ ಇಷ್ಟ. ಅಷ್ಟು ಸರಳ ಉಪಾಯ ಹೊಳೆಯುವುದು ಸುಲಭವಲ್ಲ.

ನನಗೆ ಭಯ ಹುಟ್ಟಿಸುವುದು ಮಾತ್ರ ‘ಕಿಸ್ಸಿಂಗ್ ಬಾಂಡ್’. ಅಲ್ಯೂಮಿನಿಯಮ್ಮಿನ ಮೈಮೇಲೆ ಯಾವಾಗಲೂ ಆಕ್ಸೈಡಿನ ತೆಳು ಪೊರೆ ಇರುತ್ತದೆ. ತೊಳಸುವಿಕೆ ಅದನ್ನು ಒಡೆದು ಚದುರಿಸಬೇಕು. ಮೊಳೆ ಗಿಡ್ಡವಾಗಿ ತಳ ಮುಟ್ಟದಿದ್ದರೆ ಆ ಪೊರೆ ಅಡಿಯಲ್ಲಿ ಹಾಗೇ ಉಳಿಯುತ್ತದೆ. ಎರಡು ಪ್ಲೇಟುಗಳು ಒತ್ತಿಕೊಂಡಿರುತ್ತವೆ, ಕೂಡಿರುವುದಿಲ್ಲ. ಟೊಳ್ಳೇ ಇಲ್ಲವಾದ್ದರಿಂದ ಎಕ್ಸ್‌-ರೇಗೂ ಸಾಮಾನ್ಯವಾಗಿ ಸಿಗುವುದಿಲ್ಲ. ಅವತ್ತು ವರ್ಕ್‌ಶಾಪಿನಲ್ಲಿ ನೋಡಲು ಬೆಳ್ಳಿಯಂತಿದ್ದ ಒಂದು ತುಂಡನ್ನು ವೈಸಿನಲ್ಲಿ ಹಿಡಿದು ಬಗ್ಗಿಸಿದೆವು. ಟಿಕ್ಕೆಂದಿತು. ತಳದಲ್ಲಿ ಸ್ಕೇಲಿಟ್ಟು ಎಳೆದಂಥ ನೇರ ಬಿರುಕು.

ಈ ಕೆಲಸಕ್ಕೆ ಕೈಹಾಕುವ ಹುಡುಗರಿಗೆ ಒಂದು ಕೋರಿಕೆ. ಪ್ರತಿ ಹೊಸ ಸೆಟ್ಟಿಂಗಿಗೂ ಒಂದು ಪಟ್ಟಿ ಕೊಯ್ದು, ತಳದ ಮಗ್ಗುಲು ಹೊರಗೆ ಬರುವಂತೆ ಬಗ್ಗಿಸಿ ನೋಡಿ. ಆಮೇಲೆ ಕೆಲಸ ಶುರು ಮಾಡಿ.